ವಠಾರದ ಯಜಮಾನ

ಬೆಂಗಳೂರಿನ ವಠಾರಗಳು ಒಂದೊಂದಾಗಿ ಬಿದ್ದು, ಅವು ಇದ್ದ ಜಾಗದಲ್ಲಿ ಅಪಾರ್ಟ್‌ಮೆಂಟುಗಳು ಎದ್ದಿರುವ ಈ ಕಾಲದಲ್ಲಿ, ನಾನೊಬ್ಬ ವಠಾರದ ಯಜಮಾನ ಎಂದರೆ ನೀವು ನಂಬಲಾರಿರಿ. ಬಾಡಿಗೆ ಎಷ್ಟು ಬರುತ್ತದೆ ಎಂದು ಮಾತ್ರ ಕೇಳಬೇಡಿ. ನನ್ನ ವಠಾರವಿರುವುದು ಮೇಜಿನ ಕೆಳಗೆ, ಒಂದು ತಗಡಿನ ಪೆಟ್ಟಿಗೆಯೊಳಗೆ. ಅಲ್ಲಿ ಇಬ್ಬರು ಬಿಡಾರ ಹೂಡಿದ್ದಾರೆ. ಹಿರಿಯನ ಹೆಸರು ವಿಂಡೋಸ್ 98. ಕಿರಿಯನ ಹೆಸರು ವಿಂಡೋಸ್ ಎಕ್ಸ್‌ಪಿ. ಒಬ್ಬ ಎದ್ದಿರುವಾಗ ಇನ್ನೊಬ್ಬ ಮಲಗಿರಬೇಕು. ಹಾಗಾಗಿ ನಲ್ಲಿ ನೀರಿಗೆ ಜಗಳವಿಲ್ಲ.

ಆಪರೇಟಿಂಗ್ ಸಿಸ್ಟಂ ಎಂದರೆ ಏನೆಂದು ಈಗ ಮಕ್ಕಳಿಗೂ ಗೊತ್ತು. ಕಂಪ್ಯೂಟರಿನ ದುಡಿಮೆಯನ್ನೆಲ್ಲ ಹಂಚಿಕೊಡುವ ಮನೆಯೊಡತಿ ಅದು. ಒಂದು ಮನೆಗೆ ಒಬ್ಬ ಒಡತಿ ಸಾಕು ಎಂಬುದು ಲೋಕರೂಢಿ. ನನ್ನ ಯಂತ್ರದ ಗುಂಡಿ ಒತ್ತಿದರೆ ಮಾತ್ರ ಕಪ್ಪು ತೆರೆಯ ಮೇಲೆ ಎರಡು ಹೆಸರು ಮೂಡುತ್ತವೆ. ಯಾರು ಬೇಕೋ ಹೇಳು ಎಂದು ಅದು 30 ಸೆಕೆಂಡು ಕಾಯುತ್ತದೆ. ಹೇಳದಿದ್ದರೆ ತಾನೇ ಕಿರಿಯನನ್ನು ಎಬ್ಬಿಸುತ್ತದೆ. ಹಿರಿಯ ಬೇಕಾದರೆ ನಾವಾಗಿ ಕೇಳಬೇಕು.

ಈ ಹಿರಿಯ ನನ್ನ ಮನೆಗೆ ಬಂದದ್ದು ಅಣ್ಣನ ದೆಸೆಯಿಂದ. ಅಣ್ಣ 1999ರಲ್ಲಿ, ನಿವೃತ್ತನಾದ ಮೇಲೆ, ಒಂದು ಕಂಪ್ಯೂಟರು ಕೊಂಡು ನಮ್ಮ ಮನೆತನದ ಕಥೆ ಬರೆಯಲು ತೊಡಗಿದ್ದನಂತೆ. ‘ಅಂತೆ’ ಎನ್ನಬೇಕಾಗಿದೆ, ಏಕೆಂದರೆ ನಾವು ಮಾತು ಬಿಟ್ಟು ಆಗಲೇ ಹತ್ತು ವರ್ಷಗಳ ಮೇಲಾಗಿತ್ತು. 2006ರಲ್ಲಿ ಅವನು ತೀರಿಕೊಂಡ. ವೈಕುಂಠ ಸಮಾರಾಧನೆಯ ದಿನ ಅತ್ತಿಗೆ ಒಂದು ಕೈಚೀಲ ತಂದು ನನ್ನ ಮುಂದಿಟ್ಟರು. ಅದರಲ್ಲಿ ಒಂದು ಹಾರ್ಡ್ ಡಿಸ್ಕೂ ಎರಡು ಸಿ.ಡಿ.ಗಳೂ ಇದ್ದವು. “ನೋಡಪ್ಪ, ಇದು ನಿಮ್ಮಣ್ಣ ಬರೆದದ್ದು. ಆ ಯಂತ್ರ ಕೆಟ್ಟಿದೆ. ನಮಗೆ ಇದನ್ನು ತೆಗೆಯೋಕೆ ಬರೋಲ್ಲ” ಎಂದರು.

ನನ್ನ ಎಕ್ಸ್‌ಪಿಗೂ ಅದು ಬರಲಿಲ್ಲ. ಆಗಿನ ಕನ್ನಡ ತಂತ್ರಾಂಶಗಳ ರೀತಿಯೇ ಬೇರೆ. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸುತ್ತಿದ್ದರು. ಒಂದರಲ್ಲಿ ಬರೆದದ್ದು ಇನ್ನೊಂದಕ್ಕೆ ಕಗ್ಗ. ಅಣ್ಣನ ಕಡತವನ್ನು ತೆರೆದರೆ ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಪೌಂಡಿನ ಗುರುತು! ನಮ್ಮ ವಂಶದಲ್ಲಿ ಪೌಂಡು ಕಂಡವರು ಯಾರೂ ಇರಲಿಲ್ಲ. ಅಣ್ಣನ ತಂತ್ರಾಂಶವೋ 98ರಲ್ಲಿ ಮಾತ್ರ ನಡೆಯುವಂಥದು. ಸರಿ, 98ನ್ನೇ ಕರೆತರೋಣ ಎಂದು ಹೊರಟೆ.

ಎಕ್ಸ್‌ಪಿ ಇದ್ದ ಮನೆಯಲ್ಲೇ ಒಂದು ಪಾಲು ಬಿಡಿಸಿ 98ನ್ನು ಕೂರಿಸಿದೆ. ಹಿರಿಯ ಒಳಗೆ ಬಂದವನೇ ಮುಂಬಾಗಿಲಿಗೆ ತನ್ನ ಬೀಗ ಹಾಕಿಬಿಟ್ಟ. ಎಕ್ಸ್‌ಪಿ ಒಳಗೇ ಉಳಿಯಿತು. ಯಂತ್ರ ಶುರುವಾಗುವಾಗ ಮೊದಲು ಓದುವ ಜಾಗದಲ್ಲಿ 98 ತನ್ನ ಹೆಸರನ್ನಷ್ಟೇ ಬರೆದುಕೊಳ್ಳುತ್ತದೆ. ತನ್ನ ನಂತರ ಹುಟ್ಟಿದವನ ಸುದ್ದಿ ಅದಕ್ಕೆ ಹೇಗೆ ತಿಳಿಯಬೇಕು? ರಿಪೇರಿ ಅಂಗಡಿಯ ಹುಡುಗ ನಕ್ಕು, “ಸಾರ್, ಹಿರಿಯರನ್ನ ಮೊದಲು ಕೂರಿಸಬೇಕು. ಆಮೇಲೆ ಬಂದ ಕಿರಿಯರು ಅವರಿಗೂ ಜಾಗ ಇಟ್ಟು ನಡೀತಾರೆ” ಎಂದ. ಎಲ್ಲವನ್ನೂ ಅಳಿಸಿ ಕ್ರಮವಾಗಿ ಮೊದಲಿನಿಂದ ಮಾಡಿದೆವು.

ಆಮೇಲೂ ಕೆಲವು ವಿಚಿತ್ರಗಳು ಕಂಡವು. ಹಿರಿಯ ಕಡತಗಳನ್ನು ಇಡುವ ಕ್ರಮಕ್ಕೆ ಫ್ಯಾಟ್ 32 ಎಂದು ಹೆಸರು, ಕಿರಿಯನದು ಎನ್‌ಟಿಎಫ್‌ಎಸ್. ಕಿರಿಯನಿಗೆ ಎರಡೂ ಲಿಪಿ ಬರುತ್ತದೆ. ಅವನು ಹಿರಿಯನ ಕೋಣೆಗೆ ಹೋಗಿ ನೋಡಬಲ್ಲ, ಮನಸ್ಸು ಮಾಡಿದರೆ ಕೆಡಿಸಲೂ ಬಲ್ಲ. ಹಿರಿಯನಿಗೆ ಕಿರಿಯನ ಮನೆ ಕಾಣುವುದೇ ಇಲ್ಲ. ಇನ್ನೊಂದು: 98ಕ್ಕೆ 512 ಮೆಗಾಬೈಟಿಗಿಂತ ಹೆಚ್ಚು ಸ್ಮೃತಿ ಕೊಟ್ಟರೆ ಅದು ತಬ್ಬಿಬ್ಬಾಗುತ್ತದೆ. ನೆನಪು ಹೆಚ್ಚಾಗಿ ತೊಳಲುವುದು ವಯಸ್ಸಾದವರಿಗೆ ಹೊಸದಲ್ಲ. ಈ ಮಾತನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ.

ಡಿಸ್ಕನ್ನು ಹೀಗೆ ಭಾಗ ಮಾಡುವುದಕ್ಕೆ ಪಾರ್ಟಿಷನ್ ಎನ್ನುತ್ತಾರೆ. ವಕೀಲರ ಬಾಯಲ್ಲಿ ನಾನು 1988ರಲ್ಲಿ ಕೇಳಿದ್ದೂ ಇದೇ ಪದವೇ. ಅಪ್ಪ ಹೋದ ಮೇಲೆ ಮೈಸೂರಿನ ಮನೆ ನಮ್ಮಿಬ್ಬರಿಗೆ ಪಾಲಾಯಿತು. ಆ ಮನೆಯ ನಡುಮನೆಯಲ್ಲಿ ಅಪ್ಪನ ತೂಗುಮಣೆ ಇತ್ತು. ಗೋಡೆ ಎದ್ದದ್ದು ಸರಿಯಾಗಿ ಅದರ ಸರಪಳಿ ತೂಗುತ್ತಿದ್ದ ಜಾಗದಲ್ಲಿ. ತೂಗುಮಣೆ ಅಟ್ಟ ಸೇರಿತು. ಗೋಡೆಯ ಸುಣ್ಣ ಒಣಗುವ ಮೊದಲೇ ಮಾತು ನಿಂತಿತು. ಮುಂದೆ ನಾನು ನನ್ನ ಪಾಲನ್ನು ಮಾರಿ ಬೆಂಗಳೂರು ಸೇರಿದೆ.

98 ಎದ್ದು ಕುಳಿತ ರಾತ್ರಿ ಅಣ್ಣನ ಕಥೆಯನ್ನು ಒಂದೇ ಪಟ್ಟಿಗೆ ಓದಿದೆ. ‘ಅಜ್ಜಿ’, ‘ಬಾವಿ’, ‘ಅಪ್ಪನ ಛತ್ರಿ’ ಎಂದು ಅಧ್ಯಾಯಗಳು. ಒಂದರ ಹೆಸರು ‘ತಮ್ಮ’. ನಾನು ಸ್ಲೇಟು ಒಡೆದದ್ದು, ಏಟು ಅವನು ತಿಂದದ್ದು ಅಲ್ಲಿತ್ತು. ನನಗೆ ಅದು ಪೂರ್ತಿ ಮರೆತಿತ್ತು. ಎಲ್ಲಕ್ಕಿಂತ ಕೊನೆಯ ಅಧ್ಯಾಯದ ತಲೆಬರಹ ‘ಪಾಲು’. ಅದರ ಕೆಳಗೆ ಒಂದು ಅಕ್ಷರವೂ ಇರಲಿಲ್ಲ. ಕಡತದ ತಾರೀಖು ನೋಡಿದೆ. ಅಣ್ಣ ಹೋಗುವುದಕ್ಕೆ ಎರಡು ವರ್ಷ ಮೊದಲಿನದು. ಬರೆಯಲು ಸಮಯ ಸಿಕ್ಕಲಿಲ್ಲ ಎನ್ನುವ ಹಾಗಿರಲಿಲ್ಲ.

ಇದ್ದಷ್ಟನ್ನು ಅಚ್ಚು ತೆಗೆದು ಅತ್ತಿಗೆಗೆ ಕಳಿಸಿಕೊಟ್ಟೆ. ಅಲ್ಲಿಗೆ ಹಿರಿಯನ ಕೆಲಸ ಮುಗಿದಿತ್ತು. ತಯಾರಿಸಿದ ಕಂಪೆನಿಯೂ 2006ರ ಜುಲೈನಲ್ಲೇ 98ರ ಆರೈಕೆಯನ್ನು ಕೈಬಿಟ್ಟಿತ್ತು; ಎಕ್ಸ್‌ಪಿಯದನ್ನು 2014ರ ಏಪ್ರಿಲ್‌ನಲ್ಲಿ ಬಿಟ್ಟಿತು. ಮಗಳು ವರ್ಷಕ್ಕೊಮ್ಮೆ ಕೇಳುತ್ತಿದ್ದಳು: “ಅಚ್ಚು ಆಯಿತಲ್ಲ ಅಪ್ಪ, ಈ ಡಬ್ಬ ಯಾಕೆ?” ನಾನು ಏನಾದರೂ ಹೇಳಿ ಜಾರಿಕೊಳ್ಳುತ್ತಿದ್ದೆ. ಖಾಲಿ ಹಾಳೆಯನ್ನು ಅಚ್ಚು ತೆಗೆಯುವುದು ಹೇಗೆ?

2025ರ ಅಕ್ಟೋಬರಿನಲ್ಲಿ ಮಗಳ ಯಂತ್ರದ ವಿಂಡೋಸ್ 10ಕ್ಕೂ ಅವಧಿ ಮುಗಿಯಿತೆಂದು ಮನೆಗೆ ಹೊಸ ಕಂಪ್ಯೂಟರು ಬಂತು. ಅದೇ ಹೊತ್ತಿಗೆ ನನ್ನ ವಠಾರದಲ್ಲಿ ಗರಗರ ಸದ್ದು ಶುರುವಾಯಿತು. ಡಿಸ್ಕಿನ ಆಯುಸ್ಸು ತೀರುತ್ತಿತ್ತು. ಧೈರ್ಯ ಮಾಡಿ ಅಣ್ಣನ ಮಗನಿಗೆ ಫೋನು ಮಾಡಿದೆ. ಅವನದು ಇದೇ ಉದ್ಯೋಗ. ಮದುವೆ ಮುಂಜಿಗಳಲ್ಲಿ ಕಂಡಾಗ ‘ಚೆನ್ನಾಗಿದ್ದೀರಾ’ ಎನ್ನುವುದಕ್ಕಿಂತ ಹೆಚ್ಚು ಬಳಕೆ ನಮ್ಮಲ್ಲಿ ಇರಲಿಲ್ಲ. ಭಾನುವಾರ ಬೆಳಗ್ಗೆ ತಾನಾಗಿಯೇ ಬಂದ.

ಪೆಟ್ಟಿಗೆ ಬಿಚ್ಚಿ ನೋಡಿ, “ಚಿಕ್ಕಪ್ಪ, ಈಗ ಪಾಲು ಮಾಡಬೇಕಾಗಿಲ್ಲ” ಎಂದ.

ಅವನು ವಿವರಿಸಿದ್ದು ಇಷ್ಟು. ಹೊಸ ಯಂತ್ರದೊಳಗೆ ಒಂದು ತಂತ್ರಾಂಶ ಹಾಕಿದರೆ ಅದು ಇನ್ನೊಂದು ಯಂತ್ರದ ವೇಷ ಕಟ್ಟುತ್ತದೆ. ಅದರ ತೆರೆ, ಡಿಸ್ಕು, ಸ್ಮೃತಿ ಎಲ್ಲವೂ ಸೋಗು. ಹಳೆಯ 98 ಅದರಲ್ಲಿ ಎದ್ದು, ಇಡೀ ಮನೆ ತನ್ನದೇ ಎಂದು ನಂಬಿಕೊಂಡು ನಡೆಯುತ್ತದೆ. ಅದರ ಸಮಸ್ತ ಆಸ್ತಿಯೂ ಹೊಸ ಯಂತ್ರದ ಪಾಲಿಗೆ ಒಂದೇ ಒಂದು ಕಡತ. ಇಬ್ಬರೂ ಏಕಕಾಲದಲ್ಲಿ ಎದ್ದಿರಬಹುದು. ಇದು ನಿನ್ನೆ ಮೊನ್ನೆಯ ಉಪಾಯವೂ ಅಲ್ಲ. ಐಬಿಎಂ 1972ರಲ್ಲೇ ತನ್ನ ದೊಡ್ಡ ಯಂತ್ರಗಳಿಗೆ ವಿಎಂ/370 ಎಂಬ ಹೆಸರಿನಲ್ಲಿ ಇಂಥ ಏರ್ಪಾಡನ್ನು ತಂದಿತ್ತು. ನಮ್ಮ ಮನೆಗೆ ಗೋಡೆ ಎದ್ದದ್ದು ಅದಾದ 16 ವರ್ಷಕ್ಕೆ. ಒಂದೇ ಮನೆಯಲ್ಲಿ ಗೋಡೆ ಇಲ್ಲದೆ ಇಬ್ಬರು ಬಾಳುವ ಉಪಾಯವನ್ನು ಲೋಕ ಆಗಲೇ ಕಂಡುಕೊಂಡಿತ್ತು. ನನಗೆ ಸುದ್ದಿ ತಲುಪಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹೊಸ ತೆರೆಯ ನಡುವೆ ಒಂದು ಪುಟ್ಟ ಚೌಕದಲ್ಲಿ 98 ಎದ್ದಿತು. ಅಣ್ಣನ ಕಡತ ತೆರೆದೆ. ಹುಡುಗ ‘ಪಾಲು’ ಎಂಬ ತಲೆಬರಹವನ್ನೂ ಕೆಳಗಿನ ಬಿಳುಪನ್ನೂ ನೋಡಿದ. “ಅಣ್ಣ ಇದನ್ನು ಬರೀಲೇ ಇಲ್ಲ” ಎಂದ. ಅವನು ತಂದೆಯನ್ನು ಅಣ್ಣ ಎಂದೇ ಕರೆಯುತ್ತಿದ್ದ.

“ಬರೆಯಬೇಕಾದವನು ಅವನಲ್ಲ” ಎಂದೆ.

ಆ ತಂತ್ರಾಂಶದ ಕೀಲಿಗಳ ಕ್ರಮ ನನಗೆ ಅಭ್ಯಾಸವಿಲ್ಲ. ಒತ್ತಕ್ಷರ ಎಲ್ಲಿ, ದೀರ್ಘ ಎಲ್ಲಿ ಎಂದು ತಡಕಾಡಿ ಒಂದು ಸಾಲು ಮೂಡಿಸುವುದರಲ್ಲಿ ಕಾಲು ಗಂಟೆ ಕಳೆಯಿತು: ‘ಮನೆಯನ್ನು ಒಡೆಯುವುದು ಬೇಡ, ಹಿಂದಿನ ಭಾಗವನ್ನೂ ನೀನೇ ಇಟ್ಟುಕೊ ಎಂದು ಅಣ್ಣ ಹೇಳಿದ್ದ, ನಡುಮನೆಗೆ ಟೇಪು ಹಿಡಿದು, ಗೋಡೆ ಆಗಲೇಬೇಕೆಂದವನು ನಾನು.’

ಹುಡುಗ ನನ್ನ ಬೆನ್ನ ಹಿಂದೆ ನಿಂತಿದ್ದ. ಓದಿದ್ದು ಗೊತ್ತಾಯಿತು. ಬಹಳ ಹೊತ್ತು ಏನೂ ಹೇಳಲಿಲ್ಲ. ಕೊನೆಗೆ, “ಸೇವ್ ಮಾಡಿಬಿಡಿ ಚಿಕ್ಕಪ್ಪ. 98ನ್ನು ನಂಬೋಕಾಗಲ್ಲ, ಯಾವಾಗ ನಿಂತುಬಿಡುತ್ತೋ” ಎಂದ.

ಮಾಡಿದೆ.