ಈ ನಗೆ ಯಾರದು?

ಕೆಲವು ವರ್ಷಗಳ ಹಿಂದೆ ಮೂರು ತಿಂಗಳ ಮಟ್ಟಿಗೆ ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದೆ. ಹೊರಗೆ ಸದಾ ಜಡಿಮಳೆ, ಒಳಗೆ ಟಿ.ವಿ.ಯ ಮುಂದೆ ಮೊಮ್ಮಗ. ಅವನಿಗಾಗ ಹದಿನಾಲ್ಕು. ನನ್ನ ವಿದ್ಯಾರ್ಥಿಗಳಿಗೆ ತಿಳಿದಿರುವಂತೆ, ವ್ಯಂಗ್ಯಚಿತ್ರಗಳ ವಿಷಯದಲ್ಲಿ ನನ್ನ ಜ್ಞಾನ ಆರ್.ಕೆ. ಲಕ್ಷ್ಮಣರಲ್ಲಿಗೇ ನಿಂತಿತ್ತು. ಅವನ ದೆಸೆಯಿಂದ ಅಮೆರಿಕದ ‘ಸಿಂಪ್ಸನ್ಸ್’ ಕುಟುಂಬದ ಪರಿಚಯವಾಯಿತು. 1989ರಿಂದ ನಡೆದುಬಂದಿರುವ ಈ ಕಾರ್ಟೂನ್ ಮಾಲಿಕೆಯ ಆರಂಭದಲ್ಲಿ ಮನೆಮಂದಿಯೆಲ್ಲ ಓಡಿಬಂದು ಸೋಫಾದ ಮೇಲೆ ಕೂರುವ ದೃಶ್ಯವೊಂದು ಬರುತ್ತದೆ. ಕೂರುವಾಗ ನಡೆಯುವ ತಮಾಷೆ ಮಾತ್ರ ಆಗಾಗ ಬದಲಾಗುತ್ತಿರುತ್ತದೆ. ಒಂದು ಕಂತಿನಲ್ಲಿ ಅವರು ಕುಳಿತೊಡನೆ ಮೇಲಿನಿಂದ ಬೃಹತ್ತಾದ ಬರಿಗಾಲೊಂದು ಇಳಿದು ಎಲ್ಲರನ್ನೂ ಅಪ್ಪಚ್ಚಿ ಮಾಡಿತು.

“ತಾತ, ಇದು ಮಾಂಟಿ ಪೈಥಾನ್!” ಎಂದು ಹುಡುಗ ಕುಣಿದಾಡಿದ.

1969ರಿಂದ 1974ರವರೆಗೆ ಬಿ.ಬಿ.ಸಿ.ಯಲ್ಲಿ ಬಂದ ‘ಮಾಂಟಿ ಪೈಥಾನ್ಸ್ ಫ್ಲೈಯಿಂಗ್ ಸರ್ಕಸ್’ ಎಂಬ ಕಿರುಪ್ರಹಸನಗಳ ಮಾಲಿಕೆಯನ್ನು ಅವನೇ ನನಗೆ ತೋರಿಸಿದ. ಅದರ ನಡುನಡುವೆ ಹಳೆಯ ಚಿತ್ರಗಳನ್ನು ಕತ್ತರಿಸಿ ಜೋಡಿಸಿದ ವಿಚಿತ್ರ ಚಲನಚಿತ್ರಿಕೆಗಳು ಬರುತ್ತವೆ. ಅವನ್ನು ಮಾಡಿದವನು ಟೆರ್ರಿ ಗಿಲಿಯಂ, ಆ ತಂಡದಲ್ಲಿದ್ದ ಏಕೈಕ ಅಮೆರಿಕನ್. ಆಕಾಶದಿಂದಿಳಿಯುವ ಕಾಲು ಅವನದೇ. ಆದರೆ ಅವನದೂ ಅಲ್ಲ! ಅದು ಹದಿನಾರನೆಯ ಶತಮಾನದ ಇಟಲಿಯ ಚಿತ್ರಕಾರ ಬ್ರಾಂಜಿನೋ ಬರೆದ ಕ್ಯುಪಿಡ್‌ನ ಕಾಲು. ಮೂಲಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ನಾವಿಬ್ಬರೂ ರೈಲು ಹಿಡಿದು ಹೋಗಿ ನೋಡಿಯೇ ಬಂದೆವು. ವೀನಸ್ ದೇವಿಯ ಸೌಂದರ್ಯವನ್ನು ಕಣ್ತುಂಬಿಕೊಳ್ಳುತ್ತಿದ್ದವರ ನಡುವೆ ನಾವಿಬ್ಬರು ಮಾತ್ರ ಬಗ್ಗಿ ಎಡಗಡೆಯ ಕೆಳಮೂಲೆಯ ಪಾದವನ್ನು ನೋಡಿ ನಗುತ್ತಿದ್ದೆವು. ಕಾವಲಿನವನಿಗೆ ಏನನ್ನಿಸಿತೋ!

ಈ ಒಂದು ಗೆಲುವಿನಿಂದ ಹುಡುಗನಿಗೆ ಉತ್ಸಾಹ ಹೆಚ್ಚಿತು. ಯಾವ ಕಾರ್ಟೂನಿನ ಯಾವ ನಗೆಯನ್ನು ಕಂಡರೂ “ಪೈಥಾನ್” ಎನ್ನತೊಡಗಿದ. ಒಂದು ದಿನ ಮುದುಕರಿಬ್ಬರು, ಬಾಲ್ಯದಲ್ಲಿ ತಾನೇ ಹೆಚ್ಚು ಬಡವನಾಗಿದ್ದೆ ಎಂದು ಪೈಪೋಟಿಯಿಂದ ಕೊಚ್ಚಿಕೊಳ್ಳುವ ದೃಶ್ಯ ಬಂತು. “ಇದು ‘ನಾಲ್ವರು ಯಾರ್ಕ್‌ಶೈರಿನವರು’ ಪ್ರಹಸನ. ಅಲ್ಲಿಂದಲೇ ತೆಗೆದದ್ದು” ಎಂದ.

ಆ ಪ್ರಹಸನವನ್ನೂ ನೋಡಿದೆ. ನಾಲ್ಕು ಜನ ಸಿರಿವಂತರು ಕುಳಿತು ಹಳೆಯ ಕಷ್ಟಗಳನ್ನು ಹೇಳಿಕೊಳ್ಳುತ್ತಾರೆ. ಒಬ್ಬನ ಸಂಸಾರ ಒಂದೇ ಕೋಣೆಯಲ್ಲಿತ್ತಂತೆ. ಇನ್ನೊಬ್ಬನಿಗೆ ನೆಲದಲ್ಲೊಂದು ಗುಂಡಿಯೇ ಮನೆ. ಮತ್ತೊಬ್ಬನಿಗೆ ರಸ್ತೆಯ ನಡುವಿನ ರಟ್ಟಿನ ಪೆಟ್ಟಿಗೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಆದರೆ ಒಪ್ಪಲಿಲ್ಲ. ಮೊದಲನೆಯದಾಗಿ ಅದು ಮೂಲತಃ ಪೈಥಾನಿನದೇ ಅಲ್ಲ. 1967ರ ‘ಅಟ್ ಲಾಸ್ಟ್ ದ 1948 ಷೋ’ ಎಂಬ ಬೇರೊಂದು ಕಾರ್ಯಕ್ರಮಕ್ಕಾಗಿ ಬರೆದದ್ದು. ಪೈಥಾನ್ ತಂಡ ಮುಂದೆ ರಂಗದ ಮೇಲೆ ಆಡಿ ತನ್ನದಾಗಿಸಿಕೊಂಡಿತು. ಅದಕ್ಕೂ ಹಿಂದೆ, 1910ರಲ್ಲೇ, ಕೆನಡಾದ ಸ್ಟೀಫನ್ ಲೀಕಾಕ್ ಇಂಥದೇ ಒಂದು ಹರಟೆ ಬರೆದಿದ್ದಾನೆ. ಅವನೂ ಯಾವುದೋ ಜಗಲಿಯ ಮೇಲೆ ಕೇಳಿರಬೇಕು. ನಮ್ಮ ಮನೆಗಳ ಮದುವೆಗಳಲ್ಲಿ ಊಟವಾದ ಮೇಲೆ ಎಲೆಯಡಿಕೆಯ ತಟ್ಟೆಯ ಸುತ್ತ ಕುಳಿತವರ ಮಾತು ನಿಮಗೆ ನೆನಪಿಲ್ಲವೆ? ಶಾಲೆಗೆ ನಮ್ಮ ತಂದೆಯವರು ಮೂರು ಮೈಲಿ ನಡೆದಿದ್ದರೆ ಚಿಕ್ಕಪ್ಪ ಐದು ಮೈಲಿ. ಸೋದರಮಾವ ಎಂಟು ಮೈಲಿ, ಅದೂ ಹೊಳೆ ಈಜಿಕೊಂಡು.

“ಹಾಗಾದರೆ ಆ ಕಾಲು?”

ಕಾಲಿನ ಮಾತು ಬೇರೆ. ಹಳೆಯ ಓಲೆಗರಿಗಳನ್ನು ಸಂಪಾದಿಸುವ ವಿದ್ವಾಂಸರು ಒಂದು ಸೂತ್ರ ಹೇಳುತ್ತಾರೆ: ಎರಡು ಪ್ರತಿಗಳಲ್ಲಿ ಸರಿಯಾದ ಪಾಠ ಒಂದೇ ಆಗಿದ್ದರೆ ಅದರಿಂದ ಏನೂ ಸಿದ್ಧವಾಗದು, ಒಂದೇ ವಿಲಕ್ಷಣ ತಪ್ಪು ಎರಡರಲ್ಲೂ ಇದ್ದರೆ ಅವಕ್ಕೆ ಸಂಬಂಧವುಂಟು. ಸೋಫಾದ ಮೇಲೆ ಕುಳಿತವರನ್ನು ತುಳಿಯಲು ಆಕಾಶದಿಂದ ಕಾಲೇ ಬರಬೇಕೆಂಬ ನಿಯಮವಿಲ್ಲ. ಬಂದಿತೆಂದರೆ ಎಲ್ಲಿಂದ ಬಂತೆಂದು ಕೇಳಬಹುದು. ಬಡತನದ ಜಂಬ ಹಾಗಲ್ಲ, ಅದು ಎಲ್ಲ ಊರಿನಲ್ಲೂ ತಾನಾಗಿ ಬೆಳೆಯುವ ತುಂಬೆಗಿಡ.

ಅವನು ಸುಲಭವಾಗಿ ಬಿಡಲಿಲ್ಲ. ಸತ್ತ ಗಿಣಿಯ ಪ್ರಹಸನವನ್ನು ಮುಂದಿಟ್ಟ. ಅಂಗಡಿಯವನು ಸತ್ತ ಗಿಣಿಯನ್ನು ಮಾರಿ, ಅದು ಸತ್ತೇ ಇಲ್ಲವೆಂದು ಸಾಧಿಸುತ್ತಾನೆ. 1999ರಲ್ಲಿ ಪೈಥಾನಿಗೆ ಮೂವತ್ತು ವರ್ಷ ತುಂಬಿದಾಗ ‘ಸೌತ್ ಪಾರ್ಕ್’ ಕಾರ್ಟೂನಿನವರು ಗಿಣಿಯ ಬದಲು ಸತ್ತ ಗೆಳೆಯನನ್ನು ಹಿಂದಿರುಗಿಸಲು ಬರುವ ಹುಡುಗನನ್ನು ಬರೆದರು. ಅದು ಬಹಿರಂಗ ವಂದನೆ, ತಕರಾರಿಲ್ಲ. ನಾನು ಹೇಳಿದೆ: ‘ಫಿಲೊಗೆಲೋಸ್’ ಎಂಬ ಗ್ರೀಕ್ ನಗೆಹನಿಗಳ ಸಂಗ್ರಹವೊಂದಿದೆ, ಸುಮಾರು ನಾಲ್ಕೈದನೆಯ ಶತಮಾನದ್ದು. ಅಲ್ಲಿ ಒಬ್ಬ, ನೀನು ಮಾರಿದ ಆಳು ಸತ್ತನಲ್ಲ ಎಂದು ದೂರುತ್ತಾನೆ. ಮಾರಿದವನು, ನನ್ನಲ್ಲಿದ್ದಾಗ ಅವನೆಂದೂ ಹಾಗೆ ಮಾಡಿರಲಿಲ್ಲವಲ್ಲ ಎನ್ನುತ್ತಾನೆ. ಹಾಗೆಂದು ಪೈಥಾನಿನವರು ಗ್ರೀಕರಿಂದ ಕದ್ದರೆನ್ನುವೆಯಾ? ಆ ಗಿಣಿ ಹುಟ್ಟಿದ್ದು ಕೆಟ್ಟ ಕಾರನ್ನು ಒಪ್ಪಿಕೊಳ್ಳದ ಗ್ಯಾರೇಜಿನವನೊಬ್ಬನ ಅನುಭವದಿಂದ. 1968ರಲ್ಲಿ ಅವರೇ ಕಾರಿನ ಪ್ರಹಸನವಾಗಿ ಮೊದಲು ಆಡಿದ್ದರು.

ಹುಡುಗ ಸ್ವಲ್ಪ ಹೊತ್ತು ಯೋಚಿಸಿ, “ಕಾರ್ಟೂನ್ ಬರೆಯುವವರು ಚಿಕ್ಕಂದಿನಲ್ಲಿ ಅದನ್ನೆಲ್ಲ ನೋಡಿಯೇ ಬೆಳೆದಿರುತ್ತಾರೆ ತಾತ. ಬೇಕೆಂದೇ ಮಾಡದಿದ್ದರೂ ಅದು ಒಳಗೆ ಇರುತ್ತದೆ” ಎಂದ. ಈ ಮಾತಿಗೆ ನನ್ನಲ್ಲಿ ಪೂರ್ಣ ಉತ್ತರವಿರಲಿಲ್ಲ, ಈಗಲೂ ಇಲ್ಲ. ಆಮೇಲೆ ಕೇಳಿದ: “ನೀನು ಮೇಷ್ಟ್ರಾಗಿದ್ದಾಗ ಕಾಪಿ ಹೊಡೆದಿದ್ದಾರೆ ಅಂತ ಹೇಗೆ ಕಂಡುಹಿಡಿಯುತ್ತಿದ್ದೆ?”

ಅಂದು ರಾತ್ರಿ ನಿದ್ರೆ ಬರಲಿಲ್ಲ.

ಒಂಬತ್ತನೆಯ ತರಗತಿ. ‘ನಮ್ಮ ಮನೆ’ ಎಂಬ ಪ್ರಬಂಧ. ಒಬ್ಬ ಹುಡುಗ, ನಮ್ಮ ಮನೆ ಎಷ್ಟು ಸೋರುತ್ತದೆಂದರೆ ಮಳೆ ಬಂದಾಗ ನೆನೆಯದಿರಲು ನಾವು ಹೊರಗೆ ಹೋಗಿ ನಿಲ್ಲುತ್ತೇವೆ ಎಂದು ಬರೆದಿದ್ದ. ಅದೇ ವಾರ ಒಂದು ಪತ್ರಿಕೆಯ ನಗೆಹನಿಗಳಲ್ಲಿ ಅದೇ ಮಾತನ್ನು ನಾನು ಓದಿದ್ದೆ. ತರಗತಿಯೆದುರು ನಿಲ್ಲಿಸಿ ಕೇಳಿದೆ. “ನಮ್ಮಜ್ಜಿ ಹೇಳುತ್ತಾರೆ ಸಾರ್” ಎಂದ. ಸುಳ್ಳು ಬೇರೆ ಹೇಳುತ್ತೀಯಾ ಎಂದು ಗದರಿಸಿ ಹತ್ತಕ್ಕೆ ಸೊನ್ನೆ ಹಾಕಿದೆ. ಅವರ ಮನೆಗೆ ಪತ್ರಿಕೆ ಬರುತ್ತಿತ್ತೇ ಎಂದು ವಿಚಾರಿಸಲೂ ಇಲ್ಲ.

ಹಲವು ವರ್ಷಗಳ ನಂತರ ಅವನ ತಂಗಿಯ ಮದುವೆಗೆ ಹೋಗಿದ್ದೆ. ಮಳೆ ಹಿಡಿದು ಚಪ್ಪರ ಸೋರತೊಡಗಿತು. ಓದು ಬಾರದ ಅವನ ಅಜ್ಜಿ, ಬೊಚ್ಚುಬಾಯಿ ಅಗಲಿಸಿ ಅದೇ ಮಾತನ್ನಾಡಿದರು. ತಮ್ಮ ಅತ್ತೆಯವರು ಹೇಳುತ್ತಿದ್ದುದೆಂದೂ ಸೇರಿಸಿದರು. ಎಲ್ಲರೂ ನಕ್ಕರು. ಪಾಯಸ ಬಡಿಸುತ್ತಿದ್ದ ಅವನು ನನ್ನ ಕಡೆ ಒಮ್ಮೆ ನೋಡಿ, ಏನೂ ಅನ್ನದೆ ಇನ್ನೊಂದು ಸೌಟು ಹಾಕಿ ಮುಂದೆ ಹೋದ. ನಾನೂ ಏನೂ ಅನ್ನಲಿಲ್ಲ. ತಲೆ ತಗ್ಗಿಸಿಕೊಂಡು ಉಂಡೆ.

ಊರಿಗೆ ಮರಳುವ ಮುನ್ನ ಈ ಕಥೆಯನ್ನು ಮೊಮ್ಮಗನಿಗೆ ಹೇಳಿದೆ. “ಅವರಿಗೆ ಸಾರಿ ಹೇಳಿದೆಯಾ ತಾತ?” ಎಂದ.

ಆ ವಿದ್ಯಾರ್ಥಿ ನಾನು ಬರೆಯುವುದನ್ನು ಓದುತ್ತಾನೆಂದು ಬಲ್ಲೆ. ಅಪ್ಪಾ, ಆ ಪ್ರಬಂಧಕ್ಕೆ ಹತ್ತಕ್ಕೆ ಎಂಟು. ಕಳೆದ ಎರಡು ಅಂಕ ಕಾಗುಣಿತದ್ದು.