ನಮ್ಮ ಹಲಾಲ್ ಪ್ರಶ್ನೆ, ಅವರ ಆಯುಧ

"ಲಸಿಕೆಯಲ್ಲಿ ಹಂದಿಯದ್ದೇನಾದರೂ ಉಂಟಾ?" ಕೋವಿಡ್ ಕಾಲದಲ್ಲಿ ಉಪ್ಪಳದ ನಮ್ಮ ದಿನಸಿ ಅಂಗಡಿಯಲ್ಲಿ ಈ ಪ್ರಶ್ನೆ ಎಷ್ಟೋ ಸಲ ಕೇಳಿದ್ದೇನೆ. "ಉಸ್ತಾದರನ್ನು ಕೇಳಿ, ಡಾಕ್ಟರನ್ನು ಕೇಳಿ, ಮೊಬೈಲನ್ನು ಕೇಳಬೇಡಿ" ಎನ್ನುತ್ತಿದ್ದರು ಉಪ್ಪ. ಹಲಾಲ್-ಹರಾಂ ವಿಚಾರಿಸುವುದು ನಮ್ಮ ನಿತ್ಯದ ಎಚ್ಚರ. ಬೇರೆ ದೇಶಗಳಲ್ಲಿ ಇದೇ ಎಚ್ಚರವನ್ನು ಒಂದು ಸೇನೆ ಆಯುಧ ಮಾಡಿಕೊಂಡಿತ್ತು.

2024ರ ಜೂನ್‌ನಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ಇದನ್ನು ಬಯಲು ಮಾಡಿತು. 2020ರಿಂದ 2021ರ ಮಧ್ಯದವರೆಗೆ ಅಮೆರಿಕದ ಸೇನೆ ನಕಲಿ ಖಾತೆಗಳ ಮೂಲಕ ಚೀನಾದ ಸಿನೋವ್ಯಾಕ್ ಲಸಿಕೆಯ ಬಗ್ಗೆ ಸಂಶಯ ಹಬ್ಬಿಸಿತ್ತು. ಫಿಲಿಪ್ಪೀನ್ಸ್‌ನಲ್ಲಿ ಅಲ್ಲಿಯವರದ್ದೇ ಎಂಬಂತೆ ಕನಿಷ್ಠ 300 ಖಾತೆಗಳಿದ್ದವು. ಮಧ್ಯ ಏಷ್ಯಾ ಮತ್ತು ಮಧ್ಯಪ್ರಾಚ್ಯದ ಮುಸ್ಲಿಮರಿಗೆ ಹೋದದ್ದು ಹಂದಿಯ ಜೆಲಟಿನ್ ಮಾತು. ಹಂದಿಯ ಅಂಶವಿಲ್ಲ ಎಂದು ಕಂಪನಿ ಹೇಳಿತ್ತು. 2021ರ ಜನವರಿಯಲ್ಲಿ ಇಂಡೋನೇಷ್ಯಾದ ಉಲಮಾ ಮಂಡಳಿ ಅದನ್ನು ಹಲಾಲ್ ಎಂದಿತ್ತು.

ಯುದ್ಧದಲ್ಲಿ ಉಪಾಯ ತಪ್ಪಲ್ಲ. ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಮೊದಲ ಪ್ರೋಟೊಕಾಲ್‌ನ 37ನೇ ವಿಧಿ, ಶತ್ರುವಿಗೆ ತಪ್ಪು ಮಾಹಿತಿ ಕೊಡುವುದನ್ನು ಒಪ್ಪುತ್ತದೆ. ಕಾನೂನಿನ ರಕ್ಷಣೆ ಇದೆಯೆಂದು ನಂಬಿಸಿ ಕೊಲ್ಲುವ ದ್ರೋಹವನ್ನು ನಿಷೇಧಿಸುತ್ತದೆ. ಆದರೆ ಫಿಲಿಪ್ಪೀನ್ಸ್ ಶತ್ರುವಲ್ಲ, 1951ರ ಒಪ್ಪಂದದಿಂದ ಅಮೆರಿಕದ ಮಿತ್ರ. ಅಲ್ಲಿ ಯುದ್ಧವೂ ಇರಲಿಲ್ಲ. ಹಾಗಾಗಿ ಯುದ್ಧದ ನಿಯಮ ಅಲ್ಲಿನ ರೋಗಿಯ ಸಹಾಯಕ್ಕೆ ಬರುವುದೇ ಕಷ್ಟ.

ಇಂಥದ್ದರ ಪರಿಣಾಮ ಅವರಿಗೆ ಗೊತ್ತಿರಲಿಲ್ಲವೇ? 2011ರಲ್ಲಿ ಬಿನ್ ಲಾದೆನ್‌ನನ್ನು ಹುಡುಕಲು ಸಿಐಎ ಪಾಕಿಸ್ತಾನದ ಅಬೋಟಾಬಾದ್‌ನಲ್ಲಿ ಹೆಪಟೈಟಿಸ್ ಬಿ ಲಸಿಕೆಯ ನೆಪ ಹೂಡಿತ್ತು. ಆಮೇಲೆ ಅಲ್ಲಿ ಪೋಲಿಯೊ ಹನಿ ಹಾಕಲು ಹೋದವರ ಮೇಲೂ ಜನರಿಗೆ ಸಂಶಯ ಹೆಚ್ಚಿತು. ಸಿಐಎ ಇನ್ನು ಲಸಿಕೆ ಕಾರ್ಯಕ್ರಮಗಳನ್ನು ಬಳಸದು ಎಂದು 2014ರಲ್ಲಿ ಶ್ವೇತಭವನ ತಿಳಿಸಿತು. ಆ ಮಾತು ಸಿಐಎಗೆ ಮಾತ್ರ, ಸೇನೆಗಲ್ಲ.

ನಾನು ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. ಬಾಯ್ಲರಿನ ಪ್ರೆಶರ್ ಗೇಜ್ ಒಮ್ಮೆ ಸುಳ್ಳು ತೋರಿಸಿದರೆ, ಮತ್ತೆ ಅದು ಸರಿ ತೋರಿಸಿದರೂ ಕೆಲಸದವನಿಗೆ ನಂಬಿಕೆ ಬರುವುದಿಲ್ಲ. ಲಸಿಕೆಯ ಮಾತೂ ಹಾಗೆಯೇ. ಚೀನಾದ ಮೇಲೆ ಬಿಟ್ಟ ಸುಳ್ಳು ಚೀನಾಕ್ಕೆ ತಾಗಿತೋ ಇಲ್ಲವೋ, ಲಸಿಕೆ ಬೇಕಿದ್ದ ಮುದುಕರಿಗೆ ಅದು ಅಪಾಯವಾಗಿತ್ತು.

ಆಸ್ಪತ್ರೆಯ ಮೇಲೆ ಬಾಂಬು ಹಾಕಬಾರದು ಎಂಬ ಕಾನೂನು ಉಂಟು. ಮದ್ದಿನ ಬಗ್ಗೆ ಸುಳ್ಳು ಹಬ್ಬಿಸಬಾರದು ಎಂಬುದೂ ಅಷ್ಟೇ ಸ್ಪಷ್ಟವಾಗಿ ಬರೆದಿರಬೇಕು, ಯುದ್ಧವಿರಲಿ, ಇಲ್ಲದಿರಲಿ. ಅಲ್ಲಿಯವರೆಗೆ ಹಲಾಲ್ ಪ್ರಶ್ನೆ ಕೇಳುವುದನ್ನು ನಾವು ಬಿಡಬೇಕಿಲ್ಲ. ಉತ್ತರ ಕೊಡುವವರು ಯಾರು ಎಂದೂ ಜೊತೆಗೇ ಕೇಳೋಣ.