ಎರಡು ಬಾಯಿಯ ಗುಹೆ

ಕನ್ಹಾನ್‌ನಲ್ಲಿ ದೆವ್ವ ಮಾಡುವ ಸಾಮಾನಿಗೆ ಯಾರೂ ನಾಗಪುರಕ್ಕೆ ಹೋಗುತ್ತಿರಲಿಲ್ಲ. ಜಬಲ್ಪುರ ಹೆದ್ದಾರಿಯ ಗ್ಯಾರೇಜುಗಳಲ್ಲಿ ಲಾರಿಯ ಹಳೇ ವೈಪರ್ ಮೋಟಾರು ಸಿಗುತ್ತಿತ್ತು. ದೆವ್ವದ ಕತ್ತು ಅತ್ತಿತ್ತ ಆಡಿಸುವುದಕ್ಕೆ ಅದಕ್ಕಿಂತ ನಂಬಿಗಸ್ತ ಯಂತ್ರವನ್ನು ನಾನು ಇವತ್ತಿಗೂ ಕಂಡಿಲ್ಲ. ಬ್ರೂಕ್ ಬಾಂಡ್ ಚಹಾ ಕಾರ್ಖಾನೆ ಊರಲ್ಲೇ ಇತ್ತು. ಚಹಾಪುಡಿ ತುಂಬಿ ಬರುತ್ತಿದ್ದ ಪ್ಲೈವುಡ್ ಪೆಟ್ಟಿಗೆಗಳು ಖಾಲಿಯಾಗಿ ಗುಜರಿಗೆ ಬಂದರೆ ಹಲಗೆ ಗೋಡೆಗೆ, ಒಳಗಿನ ಬೆಳ್ಳಿಕಾಗದ ಮಿಂಚಿಗೆ. ಬಿದಿರು, ಗೋಣಿತಟ್ಟು, ಸುತಳಿ ಸಂತೆಯಲ್ಲಿ. ಕರಿ ಬಣ್ಣದ ಮಾತೇ ಬೇಡ, ಅದು ಕಲ್ಲಿದ್ದಲ ಊರು.

ಅಪ್ಪ ಹಟ್ಟಿ ಚಿನ್ನದ ಗಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. 1973ರಲ್ಲಿ ಕಲ್ಲಿದ್ದಲ ಗಣಿಗಳ ರಾಷ್ಟ್ರೀಕರಣವಾಗಿ, 1975ರಲ್ಲಿ ವೆಸ್ಟರ್ನ್ ಕೋಲ್‌ಫೀಲ್ಡ್ಸ್ ಹುಟ್ಟಿದ ಮೇಲೆ ಇತ್ತ ಬಂದರು. ನದಿಯ ಆಚೆ ಕಾಮಠಿ, ಬ್ರಿಟಿಷರು 1821ರಲ್ಲಿ ಕಟ್ಟಿದ ದಂಡು. ಈಚೆ ನಮ್ಮ ಕನ್ಹಾನ್, ನದಿಯದೇ ಹೆಸರು. ನಡುವೆ ಹಳೇ ಕಲ್ಲಿನ ಕಮಾನು ಸೇತುವೆ. ಸಿನಿಮಾ ನೋಡಬೇಕೆಂದರೆ ಸೇತುವೆ ದಾಟಬೇಕು. ರಾಮ್‌ಟೇಕ್ ಜಾತ್ರೆಗಾದರೆ ಸ್ಟೇಷನ್ನಿನಿಂದಲೇ ರೈಲು. ಆ ಜಾತ್ರೆಯಲ್ಲಿ ಕನ್ನಡಿ ಓರೆಯಾಗಿಟ್ಟು ಹುಡುಗಿಯ ತಲೆಯ ಕೆಳಗೆ ಹಾವಿನ ಮೈ ತೋರಿಸುವ ನಾಗಕನ್ಯೆಯ ಡೇರೆ ಇರುತ್ತಿತ್ತು. ನನ್ನ ಕಸುಬಿನ ಮೊದಲ ಪಾಠಶಾಲೆ ಅದೇ.

ಗಣಪತಿ, ನವರಾತ್ರಿ ಬಂದರೆ ನಾಗಪುರ ಸೀಮೆಯ ಮಂಡಳಗಳು ಝಾಂಕಿ, ಅಂದರೆ ದೃಶ್ಯರೂಪಕ, ಮಾಡುತ್ತವೆ. ಹೆಚ್ಚಿನವು ವೈಷ್ಣೋದೇವಿಯ ಗುಹೆ, ಅಮರನಾಥದ ಹಿಮಲಿಂಗ. ನಮ್ಮ ಕಾಲೊನಿಯ ಹುಡುಗರಿಗೆ ದೆವ್ವದ ಗುಹೆಯೇ ಆಗಬೇಕಿತ್ತು. ಹಿರಿಯರು ಒಪ್ಪಲಿಲ್ಲ. ಕೊನೆಗೆ ಶಿವನ ಸ್ಮಶಾನ ಎಂದು ಹೆಸರಿಟ್ಟು, ದೆವ್ವಗಳನ್ನೆಲ್ಲ ಶಿವಗಣಗಳ ಲೆಕ್ಕಕ್ಕೆ ಜಮಾ ಮಾಡಿ, ಗುಹೆಯ ಕೊನೆಗೆ ಗಣಪತಿಯನ್ನು ಕೂರಿಸಿದೆವು. ಕಿರುಚಿಕೊಂಡು ಬಂದವರು ಅಲ್ಲಿ ಕೈಮುಗಿದು ಪ್ರಸಾದ ತಗೊಂಡು ಹೊರಗೆ ಹೋಗಬೇಕು. ಇದಕ್ಕಿಂತ ಚೊಕ್ಕವಾದ ಕ್ಲೈಮ್ಯಾಕ್ಸನ್ನು ಮುಂದೆ ದೊಡ್ಡ ದುಡ್ಡಿನ ಪಾರ್ಕುಗಳಲ್ಲೂ ನಾನು ನೋಡಿಲ್ಲ.

ಕೆಲಸದ ಮೇಸ್ತ್ರಿ ಪೇಂಟರ್ ಮಾಮಾ. ಗದಗಿನ ಕಡೆಯವರು, ನಾಟಕ ಕಂಪನಿಯಲ್ಲಿ ಪರದೆ ಬರೆದವರು. ಕಂಪನಿ ಮುಳುಗಿದ ಮೇಲೆ ಕಾಮಠಿಯಲ್ಲಿ ಸಿನಿಮಾ ಬೋರ್ಡು ಬರೆಯುತ್ತಿದ್ದರು. ಆ ಸೀಮೆಯಲ್ಲಿ ಕನ್ನಡದ ದನಿ ಕೇಳಿದರೆ ಸಾಕು, ಅವ್ವ ರೊಟ್ಟಿ ತಟ್ಟುತ್ತಿದ್ದಳು. ಹಾಗೆ ಮನೆಯವರೇ ಆದರು. 1984ರಲ್ಲಿ ರಾಮ್ಸೆ ಸಹೋದರರ 'ಪುರಾನಾ ಮಂದಿರ್' ಬಂದು ಊರೆಲ್ಲ ಅದೇ ಮಾತಾದಾಗ ಮಾಮಾ ಅದನ್ನು ಮತ್ತೆ ಮತ್ತೆ ನೋಡಿ ಬಂದರು. ಕತೆಗಲ್ಲ, ಕಸುಬಿಗೆ.

ರಾಮ್ಸೆ ಮನೆತನದ ಕತೆ ಮಾಮಾನಂಥವರಿಗೆ ಹಿಡಿಸುವಂಥದ್ದೇ. ಅಪ್ಪ ಎಫ್. ಯು. ರಾಮ್ಸೆ ಕರಾಚಿಯಲ್ಲಿ ರೇಡಿಯೊ ಅಂಗಡಿ ಇಟ್ಟಿದ್ದವರು. ದೇಶ ಒಡೆದ ಮೇಲೆ ಮುಂಬಯಿಗೆ ಬಂದರು. 1970ರ 'ಏಕ್ ನನ್ಹೀ ಮುನ್ನೀ ಲಡಕೀ ಥೀ' ಚಿತ್ರ ನೆಲಕಚ್ಚಿತು. ಆದರೆ ಪೃಥ್ವಿರಾಜ್ ಕಪೂರ್ ಭಯಂಕರ ಮುಖವಾಡ ಹಾಕಿ ಕಳವಿಗೆ ಬರುವ ಒಂದು ದೃಶ್ಯಕ್ಕೆ ಮಾತ್ರ ಜನ ಬೆಚ್ಚುತ್ತಿದ್ದರು. ಹಾಗಾದರೆ ಬರೀ ಅದನ್ನೇ ಮಾರೋಣ ಎಂದು ಏಳು ಮಂದಿ ಗಂಡುಮಕ್ಕಳು ಕೆಲಸ ಹಂಚಿಕೊಂಡರು. ತುಳಸಿ, ಶ್ಯಾಮ್ ನಿರ್ದೇಶನ, ಗಂಗು ಕ್ಯಾಮೆರಾ, ಕಿರಣ್ ಶಬ್ದ. 1972ರ 'ದೋ ಗಜ್ ಜಮೀನ್ ಕೇ ನೀಚೇ' ಮಹಾಬಲೇಶ್ವರದ ಕಡೆ, ಇದ್ದ ಕಟ್ಟಡಗಳಲ್ಲೇ, ಮನೆಮಂದಿಯ ದುಡಿಮೆಯಲ್ಲೇ ಮುಗಿಯಿತು. ಸೆಟ್ಟಿಗೆ ದುಡ್ಡಿಲ್ಲದವರು ಹೊಗೆ ಬಿಟ್ಟರು, ಕೆಂಪು ನೀಲಿ ಬೆಳಕು ಹಾಕಿದರು, ಬಾಗಿಲು ಕಿರುಗುಡಿಸಿದರು. ದೆವ್ವ ಬರುವುದು ಆಮೇಲೆ.

“ದೆವ್ವಾ ತೋರಸಬ್ಯಾಡಪಾ. ದೆವ್ವಾ ಬರೂ ಹಾದಿ ತೋರಸು” ಅನ್ನುತ್ತಿದ್ದರು ಮಾಮಾ.

ನಮ್ಮ ಗುಹೆಯಲ್ಲಿ ದೆವ್ವ ಇದ್ದದ್ದು ಒಂದೇ, ಅದೂ ಅರೆಗಳಿಗೆ. ಉಳಿದದ್ದೆಲ್ಲ ಹಾದಿ. ಮೊದಲ ತಿರುವಿನಲ್ಲಿ ನೆಲಕ್ಕೆ ಒದ್ದೆ ಮರಳು. ಎರಡನೆಯದರಲ್ಲಿ ಚಾವಣಿ ತಗ್ಗು, ದೊಡ್ಡವರು ತಲೆ ಬಗ್ಗಿಸಲೇಬೇಕು. ತಲೆ ಬಗ್ಗಿಸಿದವನಿಗೆ ಮುಂದೇನಿದೆ ಕಾಣುವುದಿಲ್ಲ. ಮೂರನೆಯದರಲ್ಲಿ ಏನೂ ಇಲ್ಲ, ಬರೀ ಕತ್ತಲು. ಜನ ಹೆಚ್ಚು ಕಿರುಚುತ್ತಿದ್ದದ್ದು ಅಲ್ಲೇ. ಅದಾದ ಮೇಲೆ ಗೋಣಿಯ ಸೀಳಿನಿಂದ ಒಬ್ಬ ಹುಡುಗ ಒದ್ದೆ ಕೈಗವಸಿನಿಂದ ಹಿಮ್ಮಡಿ ಮುಟ್ಟುತ್ತಿದ್ದ. ಹೆಂಗಸರು ಮಕ್ಕಳು ಬಂದರೆ ಕೈ ಒಳಗೆ ಎಳಕೊಳ್ಳಬೇಕು ಎಂಬ ಕಟ್ಟಪ್ಪಣೆ ಇತ್ತು. ಸರದಿಗಾಗಿ ಹುಡುಗರ ನಡುವೆ ಜಗಳವೂ ಇತ್ತು.

ಬೆಳಕು ಮೆಲ್ಲಗೆ ಇಳಿಯಬೇಕಲ್ಲ. ಅದಕ್ಕೆ ಕಂಪನಿ ನಾಟಕದ ಉಪ್ಪುನೀರಿನ ಡಿಮ್ಮರ್. ಪಿಂಗಾಣಿ ಭರಣಿಯಲ್ಲಿ ಉಪ್ಪುನೀರು, ತಳದಲ್ಲೊಂದು ತಗಡು, ಮೇಲಿನಿಂದ ದಾರಕ್ಕೆ ಕಟ್ಟಿ ಇಳಿಬಿಟ್ಟ ಇನ್ನೊಂದು ತಗಡು. ಬಲ್ಬಿನ ಕರೆಂಟು ಆ ನೀರಿನ ಮೂಲಕವೇ ಹರಿಯಬೇಕು. ತಗಡುಗಳು ಹತ್ತಿರವಾದರೆ ಬೆಳಕು ಏರುತ್ತದೆ, ದೂರವಾದರೆ ಇಳಿಯುತ್ತದೆ. ನೀರು ಬಿಸಿಯಾಗಿ ಗುಳುಗುಳು ಅನ್ನುತ್ತಿತ್ತು. ಮಾಮಾ ಕಣ್ಣು ಮುಚ್ಚಿ ಆ ಸದ್ದಿನಲ್ಲೇ ಬೆಳಕಿನ ಅಳತೆ ಹೇಳುತ್ತಿದ್ದರು.

ಅಪ್ಪ ಅದನ್ನು ನೋಡಿದ್ದು ಉದ್ಘಾಟನೆಯ ಹಿಂದಿನ ದಿನ. “ಏನ್ ಪೇಂಟರ್, ಇದೇನು ಯಮನ ಕೊಡಾ?” ಎಂದವರು ಮೊದಲು ಫ್ಯೂಸ್ ಕಿತ್ತರು. ಆಮೇಲೆ ಗುಹೆಯೊಳಗೆ ಹೋಗಿ ಬಂದು ಒಂದೇ ಪ್ರಶ್ನೆ ಕೇಳಿದರು. “ಎರಡನೇ ಬಾಯಿ ಎಲ್ಲೈತಿ?”

ಕಲ್ಲಿದ್ದಲ ಗಣಿಯಲ್ಲಿ ಮೇಲಕ್ಕೆ ಬರಲು ಎರಡು ದಾರಿ ಇರಲೇಬೇಕು, ಅದು ಕಾನೂನು. ನಮ್ಮ ಗುಹೆಗಿದ್ದದ್ದು ಒಂದೇ ಹಾದಿ, ಹಿಂದಿನವರು ಒತ್ತಿದರೆ ಮುಂದಿನವರು ಗಣಪತಿಯ ಮೇಲೇ ಬೀಳಬೇಕು. ನಡುವೆ ಬಾಗಿಲು ಕೊರೆದರೆ ಬೆಳಕು ನುಗ್ಗಿ ಕತ್ತಲೆಲ್ಲ ಹಾಳು ಎಂದು ಮಾಮಾ ಮುನಿದರು. ರೊಟ್ಟಿ ಊಟದ ಹೊತ್ತಿಗೆ ರಾಜಿಯಾಯಿತು. ಬಾಗಿಲು ನೇರ ಬೇಡ, ಎರಡು ಮೊಣಕೈ ತಿರುವು ಕೊಟ್ಟು, ಒಳಮೈಗೆ ಮಸಿ ಬಳಿದ ಗೋಣಿ. ಬೆಳಕು ತಿರುವಿನಲ್ಲೇ ಸಾಯುತ್ತದೆ, ಮನುಷ್ಯ ದಾಟುತ್ತಾನೆ. ಇಂದಿಗೂ ನಾನು ನಕ್ಷೆ ಹಾಕುವಾಗ ಮೊದಲು ಬರೆಯುವುದು ಆ ಎರಡು ತಿರುವನ್ನೇ. ಡಿಮ್ಮರ್ ಮಾತ್ರ ಅಪ್ಪ ವಾಪಸು ಕೊಡಲಿಲ್ಲ.

'ಪುರಾನಾ ಮಂದಿರ್' ಬಂದ ವರ್ಷವೇ, 1984ರ ಮೇ 11ರಂದು, ಅಮೆರಿಕದ ನ್ಯೂಜೆರ್ಸಿಯ ಗ್ರೇಟ್ ಅಡ್ವೆಂಚರ್ ಪಾರ್ಕಿನ 'ಹಾಂಟೆಡ್ ಕ್ಯಾಸಲ್'ಗೆ ಬೆಂಕಿ ಬಿದ್ದು 8 ಮಂದಿ ಹದಿಹರೆಯದವರು ಸತ್ತಿದ್ದರು. ಸಾಲಾಗಿ ಜೋಡಿಸಿದ ಟ್ರೇಲರುಗಳೊಳಗೆ ಕಟ್ಟಿದ ದೆವ್ವದ ಮನೆ, ನೀರು ಚಿಮ್ಮಿಸುವ ವ್ಯವಸ್ಥೆ ಇರಲಿಲ್ಲ. ಆ ಸುದ್ದಿ ಕನ್ಹಾನ್‌ಗೆ ತಲುಪಿರಲಿಲ್ಲ. ನಮಗೆ ಹತ್ತಿರವಾಗಿ ಬಡಿದದ್ದು 1989ರ ಫೆಬ್ರುವರಿ 8. ಮೈಸೂರಿನ ಪ್ರೀಮಿಯರ್ ಸ್ಟುಡಿಯೊದಲ್ಲಿ 'ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' ಧಾರಾವಾಹಿಯ ಸೆಟ್ಟು ಹೊತ್ತಿ 62 ಜನ ಹೋದರು. ಪತ್ರಿಕೆ ಹಿಡಿದು ಮಾಮಾ ನಮ್ಮ ಮನೆಗೆ ಬಂದು ಬಹಳ ಹೊತ್ತು ಕೂತಿದ್ದರು. ಹಾಗೆ ಸತ್ತವರು ಅವರ ಕಸುಬಿನವರು.

ತೊಂಬತ್ತರ ದಶಕದಲ್ಲಿ ಗುಹೆಯ ಕಳೆ ಇಳಿಯಿತು. ವಿಸಿಆರ್ ಆಗಲೇ ಓಣಿ ಓಣಿಗೆ ಬಂದಿತ್ತು. 1993ರಲ್ಲಿ ರಾಮ್ಸೆಗಳೇ 'ಜೀ ಹಾರರ್ ಶೋ' ಶುರು ಮಾಡಿ ದೆವ್ವವನ್ನು ನಡುಮನೆಗೆ ತಂದು ಕೂರಿಸಿದರು. ಮಂಡಳಗಳಿಗೆ ಸೌಂಡ್ ಬಾಕ್ಸು ಮುಖ್ಯವಾಯಿತು. ಬಡ ಸಿನಿಮಾ ಮಾತ್ರ ಸಾಯಲಿಲ್ಲ. ನಮ್ಮದೇ ರಾಜ್ಯದ ಇನ್ನೊಂದು ತುದಿಯ ಮಾಲೆಗಾಂವ್‌ನಲ್ಲಿ, ಮಗ್ಗದ ಊರಲ್ಲಿ, ವಿಡಿಯೊ ಪಾರ್ಲರ್ ನಡೆಸುತ್ತಿದ್ದ ಶೇಖ್ ನಾಸಿರ್ 'ಮಾಲೆಗಾಂವ್ ಕೇ ಶೋಲೆ' ಮಾಡಿದರು. ಮುಂದೆ ಅವರು ಹಸಿರು ಬಟ್ಟೆ ಕಟ್ಟಿ ಸೂಪರ್‌ಮ್ಯಾನನ್ನು ಹಾರಿಸಿದ್ದನ್ನು ಫೈಜಾ ಅಹ್ಮದ್ ಖಾನ್ 2008ರ ಸಾಕ್ಷ್ಯಚಿತ್ರದಲ್ಲಿ ತೋರಿಸಿದ್ದಾರೆ. ಅದನ್ನು ನೋಡುವಾಗ ನನಗೆ ನಗುವಿಗಿಂತ ಹೊಟ್ಟೆಕಿಚ್ಚೇ ಹೆಚ್ಚಾಯಿತು.

ಅಷ್ಟರಲ್ಲಿ ನಾನು ಬೆಂಗಳೂರಿನಲ್ಲಿ ಸೆಟ್ ಕೆಲಸಕ್ಕೆ ಸೇರಿದ್ದೆ. ಸಿನಿಮಾದವರು ಪಾರ್ಕು ಕಟ್ಟುವ ಕಾಲ ಅದು. ದೇಶದ ಮೊದಲ ತ್ರೀಡಿ ಚಿತ್ರ 'ಮೈ ಡಿಯರ್ ಕುಟ್ಟಿಚಾತ್ತನ್' ನಿರ್ಮಿಸಿದ ನವೋದಯ ಅಪ್ಪಚ್ಚನ್ 1995ರಲ್ಲಿ ಚೆನ್ನೈ ಬಳಿ ಕಿಷ್ಕಿಂತಾ ತೆರೆದರು. 2005ರಲ್ಲಿ ಬಿಡದಿಯ ಹತ್ತಿರ ವಂಡರ್‌ಲಾ ಬಂತು. ಕೆಲವು ವರ್ಷಗಳ ಹಿಂದೆ ಒಂದು ಪಾರ್ಕಿನವರು ಹಳೇ ಅಗ್ಗದ ದೆವ್ವದ ಸಿನಿಮಾಗಳ ಮೇಲೊಂದು ಶೋ ಬೇಕೆಂದರು. ನಮ್ಮ ತಂಡದ ಹುಡುಗರು ಗೋಡೆಗೋಡೆಗೆ ಎಲ್‌ಇಡಿ ಪರದೆ ಬರೆದುಕೊಂಡು ಬಂದರು. ಬಡತನವನ್ನು ತೋರಿಸಲು ಕೋಟಿಯ ಲೆಕ್ಕ.

ಪರದೆ ತೆಗೆಸಿದೆ. ಬಂದವರು ಪ್ರೇಕ್ಷಕರಲ್ಲ, ಎಂಬತ್ತರ ದಶಕದ ಶೂಟಿಂಗಿಗೆ ಬಂದ ಜೂನಿಯರ್ ಆರ್ಟಿಸ್ಟುಗಳು ಎಂದುಕೊಂಡೆವು. ಕ್ಲಾಪ್ ಹೊಡೆಯುತ್ತಾರೆ, ನಿರ್ದೇಶಕ ಬೈಯುತ್ತಾನೆ, ದೆವ್ವದ ರಬ್ಬರ್ ಮುಖ ಟೇಬಲ್ಲಿನ ಮೇಲೇ ಬಿದ್ದಿರುತ್ತದೆ. ವೈಪರ್ ಮೋಟಾರನ್ನು ಕಣ್ಣಿಗೆ ಕಾಣುವಂತೆಯೇ ಇಟ್ಟೆವು. ಗೊಂಬೆಯ ಕತ್ತು ಟಕಟಕ ಆಡುತ್ತದೆ, ಜನ ನಗುತ್ತಾರೆ. ಲೈಟ್‌ಬಾಯ್ ಬಂದು ಮೋಟಾರನ್ನೇ ಬಿಚ್ಚಿ ಬಗಲಲ್ಲಿ ಹಿಡಿದುಕೊಂಡು ಹೋಗುತ್ತಾನೆ. ಕತ್ತು ಆಡುತ್ತಲೇ ಇರುತ್ತದೆ. ಬೇರೆ ಮೋಟಾರು ಎಲ್ಲಿದೆ ಎಂಬುದನ್ನು ಇಲ್ಲಿ ಬರೆಯಲಾರೆ, ಶೋ ಇನ್ನೂ ನಡೆಯುತ್ತಿದೆ.

ಇದರಲ್ಲಿ ಹೊಸತೇನಿಲ್ಲ. ವಿಲಿಯಂ ಕ್ಯಾಸಲ್ ಎಂಬ ಅಗ್ಗದ ಸಿನಿಮಾಗಳ ನಿರ್ಮಾಪಕ 1959ರಲ್ಲೇ 'ಹೌಸ್ ಆನ್ ಹಾಂಟೆಡ್ ಹಿಲ್' ನಡೆಯುವಾಗ ಪ್ರೇಕ್ಷಕರ ತಲೆಯ ಮೇಲೆ ತಂತಿಯಲ್ಲಿ ಅಸ್ಥಿಪಂಜರ ಹಾರಿಸಿದ್ದ, 'ದಿ ಟಿಂಗ್ಲರ್'ಗೆ ಕೆಲವು ಕುರ್ಚಿಗಳ ಅಡಿ ನಡುಗುವ ಮೋಟಾರು ಕೂರಿಸಿದ್ದ. ಡಿಸ್ನಿಲ್ಯಾಂಡಿನ 'ಹಾಂಟೆಡ್ ಮ್ಯಾನ್ಷನ್' 1969ರಲ್ಲಿ ತೆರೆದಾಗ ಅದರ ಕುಣಿಯುವ ದೆವ್ವಗಳಿಗೆ ಬಳಸಿದ್ದು 1862ರ ಲಂಡನ್ನಿನ ಗಾಜಿನ ಉಪಾಯ, ಪೆಪ್ಪರ್ಸ್ ಘೋಸ್ಟ್. ನಮ್ಮ ರಾಮ್‌ಟೇಕಿನ ನಾಗಕನ್ಯೆಗೆ ಅದು ಹತ್ತಿರದ ನೆಂಟ.

ಹೊಸತಾದದ್ದು ಲೆಕ್ಕ. ಕನ್ಹಾನ್‌ನಲ್ಲಿ ಸಾಲು ಎಷ್ಟಿದ್ದರೂ ಮಧ್ಯರಾತ್ರಿಯವರೆಗೆ ಬಿಡುತ್ತಿದ್ದೆವು. ಪಾರ್ಕಿನಲ್ಲಿ 20 ಜನರ ತಂಡ, 5 ನಿಮಿಷಕ್ಕೊಂದು, ಗಂಟೆಗೆ 240. ಒಬ್ಬ ಅಜ್ಜಿ ಹೆದರಿ ನಿಂತರೆ ಹಿಂದಿನ ತಂಡ ಮುಂದಿನದಕ್ಕೆ ಡಿಕ್ಕಿ. ಖಾಲಿ ಕತ್ತಲಿನ ತಿರುವಿಗೆ ನಾನು ಕೇಳಿದ್ದು 40 ಸೆಕೆಂಡು, ಸಿಕ್ಕಿದ್ದು 15. ಬಾಗಿಲಿನ ಮೇಲೆ ಹಸಿರು ದೀಪ ಉರಿಯಲೇಬೇಕು ಎಂದು ಅಗ್ನಿಶಾಮಕದವರು ಬಂದಾಗ ಹುಡುಗರು ಕತ್ತಲು ಕೆಟ್ಟಿತೆಂದು ಗೊಣಗಿದರು. ನಾನು ಅವರ ಪಕ್ಷ ಹಿಡಿಯಲಿಲ್ಲ.

ಜಗಳವಾಡಿದ್ದು ಕೈಗವಸಿನ ಹುಡುಗನಿಗಾಗಿ. ಅವನ ಬದಲು ಸೆನ್ಸರ್ ಇಟ್ಟು, ಹಿಮ್ಮಡಿಗೆ ಗಾಳಿ ಊದುವ ಕೊಳವೆ ಹಾಕಿದರೆ ಸಂಬಳ ಉಳಿಯುತ್ತದೆ ಎಂದರು ಪಾರ್ಕಿನವರು. ಕೊಳವೆಗೆ ಅಜ್ಜಿ ಯಾರು, ಕಾಲೇಜು ಹುಡುಗ ಯಾರು ಗೊತ್ತಾಗುವುದಿಲ್ಲ, ಮಗು ಬಂದರೆ ಅದು ಸುಮ್ಮನಾಗುವುದಿಲ್ಲ ಎಂದು ವಾದಿಸಿದೆ. ಕೊನೆಗೆ ವಾರದ ದಿನಗಳಲ್ಲಿ ಕೊಳವೆ, ಶನಿವಾರ ಭಾನುವಾರ ಹುಡುಗ ಎಂದಾಯಿತು. ಆ ಕೆಲಸಕ್ಕೆ ಈಗ ಇಬ್ಬರಿದ್ದಾರೆ, ಇಬ್ಬರೂ ಬಿಡದಿ ಕಡೆಯವರು. ತಮ್ಮ ಹೆಸರನ್ನೂ ಗೋಡೆಯ ಮೇಲಿನ ಕಲಾವಿದರ ಪಟ್ಟಿಯಲ್ಲಿ ಹಾಕಿಸಿ ಎಂದು ಕೇಳಿದ್ದಾರೆ. ಅರ್ಜಿ ಕಳಿಸಿದ್ದೇನೆ.